ಪಿಂಗಾಣಿ ಅಂಗಡಿಯವನ ಭೂಕಂಪದ ಪಾಠ

ಪಿಂಗಾಣಿ, ಗಾಜು ಮಾರುವವನ ಬದುಕಿನಲ್ಲಿ ಸದ್ದಿಲ್ಲದೆ ಏನೂ ನಡೆಯುವುದಿಲ್ಲ. ಬೇರೆಯವರ ಮನೆಯಲ್ಲಿ ಲೋಟ ಬಿದ್ದರೆ ‘ಅಯ್ಯೋ’ ಅನ್ನುತ್ತಾರೆ. ನಮ್ಮಲ್ಲಿ ಬಿದ್ದರೆ ‘ಯಾವುದು, ಬಿಡಿಯೋ ಸೆಟ್ಟಿನದೋ?’ ಅಂತ ಕೇಳುತ್ತೇವೆ. ಶಿವಾಜಿನಗರದ ಮಾರ್ಕೆಟ್ಟಿನ ಹಿಂದೆ ನಮ್ಮ ಅಂಗಡಿ, ಹಲಸೂರಿನಲ್ಲಿ ಮನೆ. ಇವೆರಡರ ನಡುವೆ ಓಡಾಡಿಕೊಂಡು ಇಷ್ಟು ವರ್ಷದಲ್ಲಿ ನಗುವಂಥದ್ದು ಬೇಕಾದಷ್ಟು ನೋಡಿದ್ದೇನೆ. ಆದರೆ ನಡೆಯುವಾಗ ಒಂದಕ್ಕೂ ನಗು ಬಾರದೆ, ಆಮೇಲೆ ಯೋಚಿಸಿದರೆ ತಡೆಯಲಾಗದಂಥವು ಎಲ್ಲಾ ಒಂದೇ ಕಾಲಕ್ಕೆ ಕೂಡಿಕೊಂಡು ಬಂದವು. ಎರಡು ಸಾವಿರದ ಒಂದನೇ ಇಸವಿಯ ಗಣರಾಜ್ಯೋತ್ಸವದ ದಿನ ಗುಜರಾತಿನಲ್ಲಿ ಭೂಮಿ ನಡುಗಿತಲ್ಲ, ಅದರ ನಂತರದ ವಾರಗಳು ಅವು.

ಮುಂದಿನದು ತಿಳಿಯಬೇಕಾದರೆ ನಮ್ಮ ಅಂಗಡಿಯ ಬೋರ್ಡು ಗೊತ್ತಿರಬೇಕು. ತಂದೆಯವರು ಬರೆಸಿದ್ದು: “ಬಾರಿಸಿ ನೋಡಿ ತೆಗೆದುಕೊಳ್ಳಿ. ಹೊರಗೆ ಹೋದ ಮೇಲೆ ಒಡೆದರೆ ನಾವು ಜವಾಬ್ದಾರರಲ್ಲ.” ಕಪ್ಪನ್ನು ಅಂಗೈ ಮೇಲಿಟ್ಟು ಚಮಚದಿಂದ ತಟ್ಟಿದರೆ ಗಟ್ಟಿ ಮಾಲು ‘ಟಿಣ್’ ಅನ್ನುತ್ತದೆ. ಕಣ್ಣಿಗೆ ಕಾಣದ ಕೂದಲೆಳೆ ಬಿರುಕಿದ್ದರೆ ‘ಥಬ್’. ನನ್ನ ಮಗಳು ಅಕ್ಷರ ಕಲಿಯುವ ಮುಂಚೆಯೇ ಈ ಟಿಣ್ಣು ಥಬ್ಬು ಕಲಿತಿದ್ದಳು. ಅದು ನಮ್ಮನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆ ಅಂತ ಆಗ ಯಾರಿಗೆ ಗೊತ್ತಿತ್ತು?

ಬೋಣಿ

ಗುಜರಾತಿನ ಸುದ್ದಿ ಬಂದ ಕೆಲವೇ ದಿನಕ್ಕೆ ಒಂದು ಬೆಳಗ್ಗೆ ಬೆಂಗಳೂರೂ ಸ್ವಲ್ಪ ಅಲ್ಲಾಡಿತು. ನಾನು ಆಗತಾನೇ ಶಟರ್ ಎತ್ತಿ, ಊದುಬತ್ತಿ ಹಚ್ಚಿ ಕೂತಿದ್ದೆ. ಒಬ್ಬ ಹೆಂಗಸು ಟೀ ಸೆಟ್ಟಿನ ಮೇಲೆ ಕೈಯಿಟ್ಟು ಚೌಕಾಸಿಗೆ ನಿಂತಿದ್ದರು. ಬೋಣಿ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುವ ಹಾಗಿಲ್ಲ. ಅದು ನನಗೂ ಗೊತ್ತು, ಅವರಿಗೂ ಗೊತ್ತು.

ಇದ್ದಕ್ಕಿದ್ದಂತೆ ಅಂಗಡಿಯಲ್ಲಿದ್ದ ಅಷ್ಟೂ ಲೋಟಗಳು ಒಟ್ಟಿಗೆ ಕಿಣಿಕಿಣಿ ಅನ್ನತೊಡಗಿದವು. ಯಾರೂ ಮುಟ್ಟಿಲ್ಲ, ಗಾಳಿಯೂ ಇಲ್ಲ. ನಮ್ಮಲ್ಲಿ ಮಾಲು ಕಟ್ಟುವ ಹಿರಿಯರೊಬ್ಬರಿದ್ದಾರೆ, ಎಲ್ಲರಿಗೂ ಅವರು ಚಾಚಾ. ಅವರು ಹಿಂದಿನಿಂದ, “ಘಬ್ರಾವ್ ನಕ್ಕೋ ಸೇಠ್, ಲಾರಿ ಜಾರೀ” ಅಂದರು. ಹೆದರಬೇಡಿ, ಲಾರಿ ಹೋಗುತ್ತಿದೆ ಅಂತ. ಅನುಭವಸ್ಥರ ಮಾತು, ಸ್ವಲ್ಪ ಧೈರ್ಯ ಬಂತು. ತಿರುಗಿ ನೋಡಿದರೆ ಚಾಚಾ ಆಗಲೇ ಎದುರು ಫುಟ್‌ಪಾತಿನ ಮೇಲೆ ನಿಂತಿದ್ದಾರೆ.

ನಾನೂ ಓಡಿದೆ, ಆ ಹೆಂಗಸೂ ಓಡಿದರು. ಬೀದಿಗೆ ಬಂದು ನೋಡಿಕೊಂಡರೆ ಟೀ ಸೆಟ್ಟಿನ ಡಬ್ಬದ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ತುದಿ ಅವರ ಕೈಯಲ್ಲಿ. ಬೀದಿ ತುಂಬ ಜನ. ಅರ್ಧ ಕ್ಷೌರ ಮುಗಿದ ಮುಖ, ಹಿಟ್ಟು ಮೆತ್ತಿದ ಕೈ, ಎಲ್ಲರ ಬಾಯಲ್ಲೂ ದೇವರು. ಆಕೆ ಉಸಿರು ತೆಗೆದುಕೊಂಡು ಅಂದರು, “ನೋಡಿ, ಒಳಗಿರೋದೆಲ್ಲಾ ಹೇಗೂ ಒಡೆದುಹೋಗುತ್ತೆ. ಇದನ್ನಾದ್ರೂ ನಾನು ಹೇಳಿದ ರೇಟಿಗೆ ಕೊಟ್ಬಿಡಿ.”

“ಅಮ್ಮಾ, ಒಳಗಿರೋದೆಲ್ಲಾ ಒಡೆದುಹೋದ್ರೆ ಶಿವಾಜಿನಗರದಲ್ಲಿ ಉಳಿಯೋ ಸೆಟ್ಟು ಇದೊಂದೇ. ನ್ಯಾಯವಾಗಿ ರೇಟು ಏರ್ಬೇಕು.”

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಭೂಮಿ ಅಲ್ಲಾಡಿದ್ರೂ ನಿಮ್ಮ ರೇಟು ಅಲ್ಲಾಡಲ್ವಲ್ಲ ಸ್ವಾಮಿ!”

ಮೈದಾನದ ಕ್ಲಾಸು

ಅವತ್ತು ಒಂದು ಲೋಟವೂ ಒಡೆಯಲಿಲ್ಲ. ಒಡೆದದ್ದು ನನ್ನ ಮಗಳ ಧೈರ್ಯ. ಭೂಮಿ ಅಲ್ಲಾಡಿದ ಹೊತ್ತಿಗೆ ಅವಳು ಪುಲಿಕೇಶಿನಗರದ ತನ್ನ ಕಾನ್ವೆಂಟಿನ ಮಹಡಿ ಮೆಟ್ಟಿಲು ಹತ್ತುತ್ತಿದ್ದಳಂತೆ. ಮೂರನೇ ಕ್ಲಾಸಿನ ಹುಡುಗಿ. ಟೀವಿಯಲ್ಲಿ ಗುಜರಾತಿನ ಮನೆಗಳು ನೆಲಕಚ್ಚಿದ್ದನ್ನು ಕಣ್ಣರಳಿಸಿ ನೋಡಿದವಳು. ಕಾಲ ಕೆಳಗೆ ಮೆಟ್ಟಿಲು ನಡುಗಿದ್ದೇ ತಡ, ಇಳಿದವಳು ಮತ್ತೆ ಹತ್ತಲಿಲ್ಲ.

ಮನೆಯಲ್ಲೂ ಅದೇ ಕಥೆ. ಊಟಕ್ಕೆ ಕರೆದರೆ ತಟ್ಟೆ ಹಿಡಿದು ಟೇಬಲ್ಲಿನ ಕೆಳಗೆ ಹೋಗಿ ಕೂರುತ್ತಿದ್ದಳು. ಹೋಮ್‌ವರ್ಕೂ ಅಲ್ಲೇ. ನನ್ನ ಹೆಂಡತಿ ಕಲಬುರಗಿ ಕಡೆಯವಳು. “ಏನ್ರೀ, ನಮ್ಮ ಮನ್ಯಾಗ ಟೇಬಲ್ ಮ್ಯಾಲೆ ಉಣ್ಣಾವ್ರು ನೀವೊಬ್ರ ಆದ್ರಿ ನೋಡ್ರಿ” ಅಂದಳು. ಬಗ್ಗಿ ನೋಡಿದರೆ ಅವಳೂ ತಟ್ಟೆ ಹಿಡಿದು ಮಗಳ ಪಕ್ಕದಲ್ಲಿ ಕೂತಿದ್ದಳು. ಮಗಳಿಗೆ ಜೊತೆ ಕೊಡುವುದಕ್ಕಂತೆ. ನಾನು ನಂಬಿದ ಹಾಗೆ ಮಾಡಿದೆ.

ಅಷ್ಟರಲ್ಲಿ ಶಾಲೆಗೆ ಬರಬೇಕು ಅಂತ ಕರೆ ಬಂತು, ಹೋದೆ. ಹೆಡ್‌ಮಿಸ್ಟ್ರೆಸ್ ಸಿಸ್ಟರ್ ತುಂಬಾ ಶಿಸ್ತಿನವರು. “ನೋಡಿ, ನಿಮ್ಮ ಮಗಳು ದಿನಾ ಮೈದಾನದಲ್ಲಿ ಮರದ ಕೆಳಗೆ ಕೂರ್ತಾಳೆ. ಮುಂದಿನ ತಿಂಗಳು ಪರೀಕ್ಷೆ, ಅದು ಮೇಲಿನ ಹಾಲ್‌ನಲ್ಲೇ ನಡೆಯೋದು. ಒಬ್ಬಳಿಗೋಸ್ಕರ ಮೈದಾನದಲ್ಲಿ ಪರೀಕ್ಷೆ ಮಾಡೋಕಾಗಲ್ಲ. ಹತ್ತಲಿಲ್ಲ ಅಂದ್ರೆ ಅದೇ ಕ್ಲಾಸಲ್ಲಿ ಇನ್ನೊಂದು ವರ್ಷ.”

ನಾನು ಕೇಳಿದೆ, “ಆಯಾನ ಕಳಿಸಿ ಕರೆಸ್ಬಹುದಿತ್ತಲ್ಲ ಸಿಸ್ಟರ್?”

ಸಿಸ್ಟರ್ ಕಿಟಕಿಯಿಂದ ಮೈದಾನದ ಕಡೆ ಕೈ ತೋರಿಸಿದರು. “ಕಳಿಸಿದ್ದೆ. ಈಗ ಇಬ್ಬರೂ ಹತ್ತಲ್ಲ ಅಂತ ಕೂತಿದ್ದಾರೆ.”

ಶೇಷನ ಹೆಡೆ

ಮಗಳ ಪ್ರಶ್ನೆ ಒಂದೇ. “ಅಪ್ಪ, ಭೂಕಂಪ ಕೆಲವು ಊರಿಗೇ ಯಾಕೆ ಬರುತ್ತೆ? ನಮ್ಮೂರಿಗೆ ಬರಲ್ಲ ಅಂತ ಯಾರು ಹೇಳಿದ್ರು?” ಯಾವ ಕಾರ್ಖಾನೆಯ ಕಪ್ಪಿಗೆ ಹಿಡಿ ಬೇಗ ಕಳಚುತ್ತದೆ ಅಂತ ಕೇಳಿದ್ದರೆ ನಿದ್ದೆಗಣ್ಣಲ್ಲಿ ಹೇಳುತ್ತಿದ್ದೆ. ಇದು ನನ್ನ ಲೈನಲ್ಲ. ಊರಿನಿಂದ ಬಂದಿದ್ದ ಅತ್ತೆಯವರು ಭಾರ ಹೊತ್ತುಕೊಂಡರು.

“ಬಾ ನಮ್ಮವ್ವ, ನಾ ಹೇಳ್ತೀನಿ. ಭೂಮಿ ಆದಿಶೇಷನ ತಲಿ ಮ್ಯಾಲ ಐತಿ. ಪಾಪ ಎಲ್ಲಿ ಹೆಚ್ಚಾಗ್ತದ, ಅಲ್ಲಿ ಭಾರ ಆಗ್ತದ. ಆವಾಗ ಅಂವ ಹೆಡಿ ಬದಲಸ್ತಾನ.”

“ಹಂಗಾರೆ ಗುಜರಾತಲ್ಲಿ ಇದ್ದ ಪಾಪುಗಳೂ ಪಾಪ ಮಾಡಿದ್ರಾ ಅಜ್ಜಿ?”

ಕೆಲವು ವರ್ಷದ ಹಿಂದೆ ಗಡಿಯಾಚೆಯ ಕಿಲ್ಲಾರಿಯಲ್ಲಿ ಭೂಕಂಪವಾದಾಗ ಅತ್ತೆಯವರ ಕಲಬುರಗಿ ಮನೆಯೂ ಅಲ್ಲಾಡಿತ್ತು. ಅಂಗಳದಲ್ಲಿ ಮಲಗಿ ದಿನ ತಳ್ಳಿದವರು ಅವರು. “ಇಲ್ಲ ನಮ್ಮವ್ವ, ಕೂಸುಗಳು ಏನ್ ಪಾಪ ಮಾಡ್ಯಾವು” ಅಂತ ಕಣ್ಣೊರೆಸಿಕೊಂಡು, ಶೇಷನನ್ನು ಅಲ್ಲಿಗೇ ಬಿಟ್ಟರು.

ಆದರೆ ಶೇಷ ಮಗಳನ್ನು ಬಿಡಲಿಲ್ಲ. ಮಕ್ಕಳು ಪಾಪ ಮಾಡುವುದಿಲ್ಲ ಅಂದಮೇಲೆ ದೊಡ್ಡವರನ್ನು ವಿಚಾರಿಸಿಕೊಳ್ಳಬೇಕು ಅಂತ ಅವಳು ತೀರ್ಮಾನಿಸಿದಳು. ಮಾರನೇ ಸಂಜೆ ಹೆಂಡತಿ ಅವಳನ್ನು ಅಂಗಡಿಗೆ ಕರೆತಂದಳು. ಮದುವೆ ಸೀಸನ್ನು, ಗಿರಾಕಿಗಳು ತುಂಬಿದ್ದರು. ಮಗಳು ಒಳಗೆ ಕಾಲಿಡಲಿಲ್ಲ. ತಲೆ ಮೇಲೆ ಅಷ್ಟು ಗಾಜು, ಹೇಗೆ ಬಂದಾಳು? ಹೊಸ್ತಿಲಾಚೆ ನಿಂತು, ಬೀದಿಗೆಲ್ಲಾ ಕೇಳುವ ಹಾಗೆ ಕೂಗಿದಳು:

“ಅಪ್ಪಾ, ಬಿರುಕು ಬಿಟ್ಟಿರೋ ಕಪ್ಪನ್ನ ಸೆಟ್ಟಿನ ಅಡಿಗೆ ಇಟ್ಟು ಮಾರಿದ್ರೆ ಅದು ಪಾಪಾನಾ?”

ಅಂಥ ವ್ಯಾಪಾರ ನಾನು ಮಾಡುವವನಲ್ಲ. ಆದರೆ ಆ ಹೊತ್ತಿನಲ್ಲಿ ಅದನ್ನು ಯಾರಿಗೆ ಹೇಳಲಿ? ಗಿರಾಕಿಗಳೆಲ್ಲಾ ಕಟ್ಟಿಸಿದ್ದ ಡಬ್ಬಗಳನ್ನು ಬಿಚ್ಚಿ, ಅಡಿಯಲ್ಲಿದ್ದ ಕಪ್ಪು ಎತ್ತಿ ಬಾರಿಸತೊಡಗಿದರು. ಚಾಚಾ ನನ್ನ ಕಿವಿಯಲ್ಲಿ ಅಂದರು, “ಸೇಠ್, ಅವತ್ತಿನ ಭೂಕಂಪದಲ್ಲೂ ಇಷ್ಟು ಸದ್ದಾಗ್ಲಿಲ್ಲ.”

ಹಾಲಿನ ಕೆನೆ

ಪುರಾಣದಿಂದ ಆಗದ್ದು ವಿಜ್ಞಾನದಿಂದ ಆದೀತು ಅಂತ ಪಕ್ಕದ ಮನೆಯವರನ್ನು ಹಿಡಿದೆ. ವಿಮಾನಪುರದ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದು ರಿಟೈರಾದವರು. ಪ್ರಶ್ನೆ ಕೇಳುವವರು ಸಿಕ್ಕಿ ಬಹಳ ದಿನವಾಗಿತ್ತು ಅಂತ ಕಾಣುತ್ತದೆ, ಕರೆದ ತಕ್ಷಣ ಬಂದರು.

“ಮಕ್ಕಳಿಗೆ ಬಾಯಲ್ಲಿ ಹೇಳ್ಬಾರ್ದು ಕಣ್ರೀ, ತೋರಿಸ್ಬೇಕು” ಅಂತ ನೇರ ಅಡಿಗೆಮನೆಗೇ ನುಗ್ಗಿದರು. ಹೆಂಡತಿ ಕಾಯಿಸಿಟ್ಟಿದ್ದ ಹಾಲಿನ ಮೇಲೆ ದಪ್ಪ ಕೆನೆ ಕಟ್ಟಿತ್ತು. ಅದರ ಕೆಳಗೆ ಒಲೆ ಹಚ್ಚಿದರು. ಮಗಳನ್ನು ಸ್ಟೂಲಿನ ಮೇಲೆ ನಿಲ್ಲಿಸಿದರು.

“ನೋಡು ಮರಿ, ಈ ಕೆನೆ ಇದೆಯಲ್ಲ, ಅದೇ ನಾವಿರೋ ನೆಲ. ಕೆಳಗೆ ಬಿಸಿ. ಬಿಸಿಗೆ ಒಳಗಡೆಯದು ನಿಧಾನವಾಗಿ ಹೊರಳುತ್ತೆ, ಮೇಲಿನ ಕೆನೆ ತುಂಡು ತುಂಡಾಗಿ ಸರಿಯುತ್ತೆ. ಎಲ್ಲಿ ತುಂಡಿಗೆ ತುಂಡು ಒತ್ತುತ್ತೋ ಅಲ್ಲಿ ಸುಕ್ಕು ಬಿತ್ತು ನೋಡು, ಅದು ಹಿಮಾಲಯ.”

“ಅಂಕಲ್, ನಾವು ಕೆನೆ ಮೇಲಿದ್ದೀವಾ?”

“ಹೂಂ ಮತ್ತೆ!”

“ಇಷ್ಟು ತೆಳ್ಳಗಿದ್ಯಾ?”

“ಭೂಮಿ ಗಾತ್ರಕ್ಕೆ ಹೋಲಿಸಿದ್ರೆ ಬಹಳ ತೆಳು!” ಅವರಿಗೆ ಉತ್ಸಾಹ. ನಾನು ಹಿಂದಿನಿಂದ ಕಣ್ಸನ್ನೆ ಮಾಡಿದೆ, ಕಾಣಲಿಲ್ಲ. “ಎಷ್ಟೋ ದಪ್ಪ ಇದೆ” ಅಂತ ನನ್ನ ಕಡೆಯಿಂದ ಸೇರಿಸಿದೆ. ಎಂಜಿನಿಯರರು ತಿದ್ದಿದರು, “ಇಲ್ಲ ಕಣ್ರೀ, ತೆಳು.” ವ್ಯಾಪಾರ ಗೊತ್ತಿಲ್ಲದವರು ಮಾಲು ತೋರಿಸುವುದು ಹೀಗೇ.

ಈ ವಾದದಲ್ಲಿ ಒಲೆ ಮರೆತೆವು. ಹಿಮಾಲಯ ಬುಸ್ಸೆಂದು ಎದ್ದು, ಪಾತ್ರೆಯ ಅಂಚು ದಾಟಿ, ಒಲೆ ಆರಿಸಿ, ಕಟ್ಟೆಯಿಂದ ನೆಲಕ್ಕೆ ಇಳಿಯಿತು. ಅತ್ತೆಯವರು ಒಳಗಿನಿಂದ ಬಂದು ನೋಡಿ ಕೈಮುಗಿದರು. “ಹಾಲು ಉಕ್ಕಿದ್ದು ಛಲೋ ಆತು ಬಿಡ್ರಿ. ಹೊಸ ಮನಿಗೆ ಹೋದಾಗ ಉಕ್ಕಸ್ತಾರ.”

ಮಗಳು ಸ್ಟೂಲಿನಿಂದ ಇಳಿದು, ನೆಲ ಒಡೆದೀತು ಅನ್ನುವ ಹಾಗೆ ತುದಿಗಾಲಲ್ಲಿ ನಡೆದು ನನ್ನ ಕೈ ಹಿಡಿದಳು. “ಅಪ್ಪ, ಹೊಸ ಮನೆಗೇ ಹೋಗೋಣ. ಕೆನೆ ದಪ್ಪ ಇರೋ ಊರಿಗೆ.”

ಹುಲ್ಲಿನ ಪೆಟ್ಟಿಗೆ

ಪರೀಕ್ಷೆ ಹತ್ತಿರ ಬಂತು. ಎಂಜಿನಿಯರರ ಹತ್ತಿರ ಕಾಂಪೌಂಡಿನಾಚೆ ನಿಂತು, ಹಾಲಿಲ್ಲದೆ ಪಾಠ ಹೇಳಿಸಿಕೊಂಡೆ. ಕೇಳುತ್ತಾ ಕೇಳುತ್ತಾ, ಅರೆ, ಇದು ನಮ್ಮ ಪ್ಯಾಕಿಂಗೇ ಅನ್ನಿಸಿತು. ಒಂದು ಭಾನುವಾರ ಮರದ ಪೆಟ್ಟಿಗೆ, ಒಣಹುಲ್ಲು, ಒಂದಷ್ಟು ರಿಜೆಕ್ಟ್ ಬಟ್ಟಲು ಮನೆಗೆ ತಂದೆ. ಒಳ್ಳೆಯ ಮಾಲು ಒಡೆದು ಪಾಠ ಹೇಳುವಷ್ಟು ವಿದ್ಯಾಪ್ರೇಮ ನನಗಿಲ್ಲ.

ಅಂಗಳದಲ್ಲಿ ಕೂತು ಬಟ್ಟಲುಗಳನ್ನು ಅಂಚಿಗೆ ಅಂಚು ತಾಗುವ ಹಾಗೆ ಜೋಡಿಸಿದೆ. “ನೋಡಮ್ಮ, ನೆಲ ಒಂದೇ ತುಂಡಲ್ಲ. ಹೀಗೇ ದೊಡ್ಡ ದೊಡ್ಡ ತುಂಡು, ಒಂದನ್ನೊಂದು ಒತ್ತಿಕೊಂಡು ಕೂತಿವೆ. ಉಗುರು ಬೆಳೆಯೋ ಅಷ್ಟು ನಿಧಾನಕ್ಕೆ ಸರೀತಾವೆ. ಅಂಚಲ್ಲಿ ಒಂದಕ್ಕೊಂದು ಸಿಕ್ಕಾಕ್ಕೊಳ್ತಾವೆ. ಒತ್ತಡ ತಡೀಲಾರ್ದೆ ಬಿಡಿಸ್ಕೊಂಡಾಗ ಜಗ್ ಅನ್ನುತ್ತೆ. ಅದೇ ಭೂಕಂಪ. ನಮ್ಮ ಮಾಲು ಒಡೆಯೋದು ಎಲ್ಲಿ?”

“ತಾಗೋ ಕಡೆ. ಅಂಚಲ್ಲಿ.”

“ಹಾಂ! ಅದಕ್ಕೇ ಅಂಚಲ್ಲಿರೋ ಊರಿಗೆ ಜಾಸ್ತಿ. ಹಿಮಾಲಯ, ಜಪಾನು. ನಾವು ನಡುವೆ ಇದ್ದೀವಿ, ಹಳೇ ಗಟ್ಟಿ ಬಂಡೆ ಮೇಲೆ. ಈಗ ಪೆಟ್ಟಿಗೆ ಅಲ್ಲಾಡ್ಸು, ನೋಡು.”

ಮಗಳು ಅಲ್ಲಾಡಿಸಿದಳು. ‘ಟಪ್’ ಅಂತು. ಹುಲ್ಲು ಸರಿಸಿ ನೋಡಿದರೆ ಅಂಚಿನವೆಲ್ಲಾ ಸೊಗಸಾಗಿ ಕೂತಿವೆ. ಸೀಳಿಹೋದದ್ದು ಸರಿಯಾಗಿ ನಟ್ಟನಡುವಿನದು.

ಮಗಳ ಮುಖ ಬಿಳಿಚಿತು. ಹೆಂಡತಿ ಬಾಗಿಲಲ್ಲಿ ನಿಂತು, “ನಡುವಿಂದ ಒಡೀತಲ್ರೀ” ಅಂದಳು. ನೋಡುವವರಿಗೆ ಕಾಣುತ್ತಿರಲಿಲ್ಲವೇ, ಬಾಯಿಬಿಟ್ಟು ಬೇರೆ ಹೇಳಬೇಕಿತ್ತೇ!

ಒಡೆದ ಚೂರು ಕೈಗೆತ್ತಿಕೊಂಡೆ. ಸೀಳಿನ ಉದ್ದಕ್ಕೂ ಹಳೆಯ ಕಂದು ಗೆರೆ. ಬಚಾವಾದೆ! “ಇಲ್ನೋಡು, ಇದು ಇವತ್ತಿನ ಬಿರುಕಲ್ಲ. ಮೊದಲೇ ಒಳಗೆ ಕೂದಲೆಳೆ ಇತ್ತು. ನಡುವೆ ಇದ್ರೂ ಹಳೇ ಬಿರುಕು ಇದ್ದ ಕಡೆ ಒಡೆಯುತ್ತೆ. ಗುಜರಾತಲ್ಲಿ ಒಳಗೆ ಅಂಥ ಹಳೇ ಬಿರುಕುಗಳಿವೆ ಅಂತೆ. ಕಿಲ್ಲಾರಿಲೂ ಹಾಗೇ. ನಮ್ಮ ಬಂಡೇಲೂ ಸಣ್ಣಪುಟ್ಟವು ಇರ್ತವೆ, ಅವತ್ತಿನ ಹಾಗೆ ಒಂದ್ಸಲ ಗುಟುರು ಹಾಕ್ಬಹುದು. ದೊಡ್ಡದು ಬರೋದು ತೀರಾ ಅಪರೂಪ.”

“ಬರೋದೇ ಇಲ್ವಾ?”

ಇಲ್ಲ ಅಂದುಬಿಡೋಣ ಅಂತ ನಾಲಿಗೆ ತುದಿಗೆ ಬಂತು. ಆದರೆ ನಮ್ಮ ಮನೆತನದಲ್ಲಿ ಗ್ಯಾರಂಟಿ ಕೊಡುವ ಪದ್ಧತಿ ಇಲ್ಲ. “ತೀರಾ ಅಪರೂಪ” ಅಂದೆ ಮತ್ತೆ.

ಅವಳು ಯೋಚಿಸಿದಳು. “ಒಳಗೆ ಬಿರುಕಿದ್ಯೋ ಇಲ್ವೋ ಹೇಗೆ ಗೊತ್ತಾಗುತ್ತೆ?”

“ಬಾರಿಸಿ ನೋಡ್ಬೇಕು” ಅಂದೆ, ಅಭ್ಯಾಸಬಲದಿಂದ.

ಅಷ್ಟೇ. ಅವಳು ಎದ್ದುಹೋಗಿ ಚಮಚ ತಂದಳು. ಸಂಜೆಯೊಳಗೆ ನಮ್ಮ ಮನೆಯ ಗೋಡೆ, ಕಂಬ, ಕಟ್ಟೆ, ನೀರಿನ ತೊಟ್ಟಿ ಎಲ್ಲಾ ಟಿಣ್ಣಾಗಿ ಪಾಸಾದವು. ಬಹಳ ದಿನದ ಮೇಲೆ ಮೊದಲ ಸಲ ಟೇಬಲ್ಲಿನ ಮೇಲೆ ತಟ್ಟೆಯಿಟ್ಟು ಉಂಡಳು. ಅವಳು ಗೋಡೆ ಬಾರಿಸುತ್ತಿದ್ದಾಗ ಎಂಜಿನಿಯರರು ಕಾಂಪೌಂಡಿನಾಚೆಯಿಂದ ನಗುತ್ತಾ ಕೇಳಿದ್ದರು, “ಏನು ಮರಿ, ನಮ್ಮ ಗೋಡೆ ಏನನ್ನುತ್ತೆ?”

ಮಗಳು ತಟ್ಟಿ, ಕಿವಿಯಿಟ್ಟು, ಬೇಸರದಿಂದ ತಲೆಯಾಡಿಸಿದ್ದಳು. “ಥಬ್, ಅಂಕಲ್.”

ಇವೆಲ್ಲಾ ಮಕ್ಕಳಾಟ ಅಂತ ಅವರು ದೊಡ್ಡದಾಗಿ ನಕ್ಕರು. ಮಾರನೇ ದಿನ ಅವರ ಮನೆಗೆ ಗಾರೆ ಮೇಸ್ತ್ರಿ ಬಂದಿದ್ದ.

ಮೇಲಿನ ಹಾಲ್

ಸೋಮವಾರ ನಾನೇ ಶಾಲೆಗೆ ಕರೆದುಕೊಂಡು ಹೋದೆ. ಬಿಳಿಯರ ದಂಡಿದ್ದ ಕಾಲದ ಹಳೆಯ ಕಟ್ಟಡ, ಕಲ್ಲು ಚಪ್ಪಡಿಯ ಮೆಟ್ಟಿಲು. ಮಗಳು ಟಿಫಿನ್ ಡಬ್ಬಿಯ ಚಮಚ ತೆಗೆದು ಮೊದಲ ಮೆಟ್ಟಿಲಿಗೆ ತಟ್ಟಿದಳು. ಟಿಣ್. ಹತ್ತಿದಳು. ಎರಡನೆಯದು, ಟಿಣ್. ಹತ್ತಿದಳು. ನಾನು ಕೆಳಗೆ ನಿಂತು, ಇರುವ ದೇವರಿಗೆಲ್ಲಾ ಹರಕೆ ಹೊರುತ್ತಿದ್ದೆ, ಒಂದು ಮೆಟ್ಟಿಲೂ ಬಾಯಿ ತಪ್ಪಿ ಥಬ್ ಅನ್ನದಿರಲಿ ಅಂತ. ತಿರುವಿನಲ್ಲಿ ಕಾಣೆಯಾದಳು. ಹಿಂದೆಯೇ ಆಯಾ ಹೊರಟಳು, ತಾನೂ ಒಂದೊಂದು ಮೆಟ್ಟಿಲಿಗೆ ಬೆರಳಗೆಣ್ಣಿನಿಂದ ತಟ್ಟಿಕೊಂಡು. ನಾನು ಗೆದ್ದೆ ಅಂತ ಅಂಗಡಿಗೆ ಬಂದು ಚಾಚಾಗೆ ಚಹಾ ಹೇಳಿದೆ.

ಪರೀಕ್ಷೆಯ ದಿನ ಬೆಳಗ್ಗೆ ಅಂಗಡಿಗೆ ಫೋನು ಬಂತು. ಸಿಸ್ಟರ್. “ತಕ್ಷಣ ಬನ್ನಿ” ಅಂದವರೇ ಇಟ್ಟುಬಿಟ್ಟರು. ಬೋಣಿ ಗಿರಾಕಿಯನ್ನೂ ಬಿಟ್ಟು ಓಡಿದೆ. ಹತ್ತಲಿಲ್ಲವೇನೋ, ಹತ್ತಿ ಬಿದ್ದಳೇನೋ, ಒಂದು ವರ್ಷ ಹೋಯಿತಲ್ಲ ಅಂತ ಆಟೋದಲ್ಲಿ ಏನೇನೋ ಯೋಚನೆ.

ಶಾಲೆ ಮುಟ್ಟಿದರೆ ದೂರದಿಂದಲೇ ಸದ್ದು. ಟಿಣ್ ಟಿಣ್ ಟಿಣ್ ಟಿಣ್. ನಮ್ಮ ಅಂಗಡಿಯಲ್ಲಿ ಹಬ್ಬದ ಸೀಸನ್ನಿನಲ್ಲೂ ಕೇಳದಷ್ಟು. ಮೇಲಿನ ಹಾಲ್‌ನಲ್ಲಿ ಮಕ್ಕಳೆಲ್ಲಾ ಟಿಫಿನ್ ಚಮಚ ಹಿಡಿದು ಗೋಡೆ, ನೆಲ, ಕಂಬ, ಡೆಸ್ಕು ಬಾರಿಸುತ್ತಿದ್ದಾರೆ. ಹಾಲ್‌ನ ಎಡಗಡೆಯ ಬೆಂಚುಗಳಲ್ಲಿ ಒಂದು ನರಪಿಳ್ಳೆ ಇಲ್ಲ. ಬಲಗಡೆ ಇಬ್ಬರು ಕೂರುವಲ್ಲಿ ನಾಲ್ವರು ಅಮುಕಿಕೊಂಡಿದ್ದಾರೆ. ಪ್ರಶ್ನೆಪತ್ರಿಕೆಗಳು ಹಾಗೇ ಮೇಜಿನ ಮೇಲೆ. ನನ್ನ ಮಗಳು ಎಡಗೋಡೆಯ ಪಕ್ಕ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾಳೆ.

“ನಿಮ್ಮ ಮಗಳು ಆ ಗೋಡೆ ಫೇಲ್ ಅಂದಳಂತೆ” ಅಂದರು ಸಿಸ್ಟರ್, ಹಲ್ಲು ಕಚ್ಚಿಕೊಂಡು. “ಒಂದು ಮಗುವೂ ಆ ಕಡೆ ಕೂರಲ್ಲ ಅಂತಿದೆ. ಟೀಚರ್ರೂ ಕೂರಲ್ಲ ಅಂತಿದ್ದಾರೆ!”

“ಥಬ್ ಅಂತಿದೆ ಅಪ್ಪ” ಅಂದಳು ಮಗಳು. “ನೀನೇ ಬಾರಿಸಿ ನೋಡು.”

ಹಾಲ್‌ನಲ್ಲಿದ್ದವರೆಲ್ಲಾ ನನ್ನ ಕಡೆ ತಿರುಗಿದರು. ಚಮಚ ಇಸಿದುಕೊಂಡು ತಟ್ಟಿದೆ. ಥಬ್. ನನ್ನ ಎದೆಯೂ ಥಬ್. ಸ್ವಲ್ಪ ಆಚೆ ತಟ್ಟಿದೆ, ಅಲ್ಲೂ ಥಬ್. ಆಮೇಲೆ ಉಗುರಿನಿಂದ ಸುಣ್ಣ ಕೆರೆದು ನೋಡಿದೆ. ಕೆಳಗೆ ಮರ. ಒಂದು ದೊಡ್ಡ ಹಾಲ್ ಅನ್ನು ಎರಡು ಮಾಡಲು ಯಾವ ಕಾಲದಲ್ಲೋ ನಿಲ್ಲಿಸಿದ ಹಲಗೆಯ ಅಡ್ಡಗೋಡೆ.

“ಇದು ಹಲಗೆ ಕಣಮ್ಮ. ಪಿಂಗಾಣಿ ಬಾರಿಸಿದ ಹಾಗೆ ಮರ ಬಾರಿಸ್ಬಾರ್ದು. ಮರಕ್ಕೆ ಥಬ್ ಅನ್ನೋದೇ ಸರಿಯಾದ ಸದ್ದು. ಟಿಣ್ ಅಂದಿದ್ರೆ ನಾನೇ ಮೊದಲು ಓಡಿಹೋಗ್ತಿದ್ದೆ.”

ಮಗಳು ಇನ್ನೊಂದು ಸಲ ತಟ್ಟಿ, ಪಕ್ಕದ ಡೆಸ್ಕನ್ನೂ ತಟ್ಟಿ, ಎರಡನ್ನೂ ತಾಳೆ ನೋಡಿ, ಎಲ್ಲರ ಕಡೆ ತಿರುಗಿ “ಪಾಸು” ಅಂದಳು. ದಡಬಡ ಅಂತ ಎಡಗಡೆಯ ಬೆಂಚು ತುಂಬಿತು. ಅವಳೂ ಗೋಡೆಯ ಪಕ್ಕದ ಬೆಂಚಿನಲ್ಲೇ ಕೂತು, ಪೆನ್ಸಿಲ್ ಹೆರೆದು, ಬರೆಯಲು ಶುರು ಮಾಡಿದಳು. ತಲೆಯೆತ್ತಿ ಚಾವಣಿಯ ಕಡೆ ಒಮ್ಮೆಯೂ ನೋಡಲಿಲ್ಲ. ನಾನು ಅದನ್ನೇ ನೋಡುತ್ತಾ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದೆ.

ಪರೀಕ್ಷೆ ಮುಗಿದ ಮೇಲೆ ಸಿಸ್ಟರ್ ನಮ್ಮಿಬ್ಬರನ್ನೂ ತಮ್ಮ ಕೋಣೆಗೆ ಕರೆಸಿದರು. ಬಾಗಿಲು ಹಾಕಿದರು. ಈಗ ಬೈಗುಳ ಖಂಡಿತ ಅಂತ ನಾನು ತಲೆ ತಗ್ಗಿಸಿ ನಿಂತೆ. ಸಿಸ್ಟರ್ ಕಿಟಕಿಯಾಚೆ ಯಾರೂ ಇಲ್ಲ ಅಂತ ನೋಡಿಕೊಂಡು, ದನಿ ತಗ್ಗಿಸಿ ಮಗಳಿಗೆ ಹೇಳಿದರು, “ಮಗೂ, ಆ ಚಮಚ ಇದ್ಯಾ? ನನ್ನ ಕುರ್ಚಿ ಹಿಂದಿನ ಗೋಡೆ ಸ್ವಲ್ಪ ನೋಡ್ತೀಯಾ? ಅವತ್ತಿಂದ ನಾನು ಈ ಕುರ್ಚೀಲಿ ಸರಿಯಾಗಿ ಕೂತಿಲ್ಲ.”

ಮಗಳು ಕುರ್ಚಿ ಸರಿಸಿದಳು. ಮೇಲೆ, ಕೆಳಗೆ, ಮೂಲೆಗಳಲ್ಲಿ ತಟ್ಟಿದಳು. ಕಿವಿಯಿಟ್ಟು ಕೇಳಿದಳು. ನಮ್ಮ ತಂದೆ ಕಪ್ಪು ಬಾರಿಸುವಾಗ ಇದ್ದ ಅದೇ ಮುಖ.

“ಗಟ್ಟಿ ಮಾಲು ಸಿಸ್ಟರ್. ಕೂತ್ಕೊಳ್ಳಿ.”

ಸಿಸ್ಟರ್ ಎದೆ ಮೇಲೆ ಶಿಲುಬೆ ಗುರುತು ಮಾಡಿಕೊಂಡು ಕುರ್ಚಿಯ ತುದಿಯಲ್ಲಿ ಕೂತರು. ಆಮೇಲೆ ಅನುಮಾನದಿಂದ ಕೇಳಿದರು, “ಗ್ಯಾರಂಟಿ ತಾನೇ?”

ಮಗಳು ಚಮಚವನ್ನು ಒರೆಸಿ ಡಬ್ಬಿಗೆ ಹಾಕಿ, ಮುಚ್ಚಳ ಅದುಮಿದಳು.

“ಬಾರಿಸಿ ನೋಡಿ ಕೊಟ್ಟಿದ್ದೀನಿ ಸಿಸ್ಟರ್. ಆಮೇಲೆ ಒಡೆದ್ರೆ ನಾವು ಜವಾಬ್ದಾರರಲ್ಲ.”